ಲಿನಕ್ಸ್‌ನಲ್ಲಿ ಪೆನ್‌ಡ್ರೈವ್ ಮೌಂಟ್ ಆಗ್ತಿಲ್ಲವೇ (ತೆರೆಯುತ್ತಿಲ್ಲವೇ)? ಫಾರ್ಮ್ಯಾಟ್ ಒತ್ತುವ ಮುಂಚೆ ಇದನ್ನು ಓದಿ

ಮೇಡಂ, ದಯವಿಟ್ಟು ಫಾರ್ಮ್ಯಾಟ್ ಮಾತ್ರ ಒತ್ತಬೇಡಿ. ಗೃಹಪ್ರವೇಶದ ಫೋಟೊ ಇರುವ ಡ್ರೈವ್ ನಿಮ್ಮ ಲಿನಕ್ಸ್ ಮಿಂಟ್‌ನಲ್ಲಿ (ವಿಂಡೋಸ್‌ನಂಥದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ‘ರಾಂಗ್ ಎಫ್‌ಎಸ್ ಟೈಪ್, ಬ್ಯಾಡ್ ಸೂಪರ್‌ಬ್ಲಾಕ್’ ಅನ್ನುತ್ತಿದೆ, ಜೆರಾಕ್ಸ್ ಅಂಗಡಿಯ ವಿಂಡೋಸ್‌ನಲ್ಲಿ ಸರಾಗವಾಗಿ ತೆರೆಯುತ್ತದೆ ಅಂದಿರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಡ್ರೈವ್ ಸತ್ತಿಲ್ಲ.

ಟರ್ಮಿನಲ್‌ನಲ್ಲಿ (ಆಜ್ಞೆ ಟೈಪ್ ಮಾಡುವ ಕಿಟಕಿ) ‘ಎಲ್‌ಎಸ್‌ಬಿಎಲ್‌ಕೆ -ಎಫ್’ ಕೊಡಿ, ಡ್ರೈವ್‌ಗಳ ಪಟ್ಟಿ ಬರುತ್ತದೆ. (ನನ್ನ ಫೋನಲ್ಲಿರುವುದು ಕನ್ನಡ ಕೀಬೋರ್ಡ್, ನೀವು ಇಂಗ್ಲಿಷ್ ಸಣ್ಣಕ್ಷರದಲ್ಲಿ ಹೊಡೆಯಿರಿ.) ಡ್ರೈವ್ ಕಿತ್ತು ಒಮ್ಮೆ, ಹಾಕಿ ಒಮ್ಮೆ ನೋಡಿದರೆ ಯಾವ ಸಾಲು ನಿಮ್ಮದೆಂದು ತಿಳಿಯುತ್ತದೆ. ಸಾಮಾನ್ಯವಾಗಿ ಎಸ್‌ಡಿಬಿ1. ಹೊಸ ಸಾಲೇ ಬರದಿದ್ದರೆ ಯುಎಸ್‌ಬಿ ಹಬ್ ಬಿಟ್ಟು ನೇರ ಬೇರೆ ಪೋರ್ಟಿಗೆ ಹಾಕಿ.

ಆ ಸಾಲಿನ ಪಕ್ಕದಲ್ಲಿ ಎನ್‌ಟಿಎಫ್‌ಎಸ್ (ವಿಂಡೋಸ್ ಫೈಲ್‌ಗಳನ್ನು ಜೋಡಿಸಿಡುವ ಪದ್ಧತಿ) ಅಂತ ಇದ್ದರೆ ನನ್ನ ಅನುಮಾನ ಹೀಗೆ: ಅಂಗಡಿಯಲ್ಲಿ ಇಜೆಕ್ಟ್ ಕೊಡದೆ ಸರಕ್ಕನೆ ಕಿತ್ತಿದ್ದಾರೆ. ಬರೆಯುವ ಕೆಲಸ ಅರ್ಧಕ್ಕೆ ನಿಂತಾಗ ಡ್ರೈವಿನಲ್ಲಿ ‘ಡರ್ಟಿ’ ಎಂಬ ಗುರುತು ಉಳಿದುಬಿಡುತ್ತದೆ. ವಿಂಡೋಸ್ ಅದನ್ನು ಅಷ್ಟಾಗಿ ತಲೆಗೆ ಹಚ್ಚಿಕೊಳ್ಳುವುದಿಲ್ಲ. ಆದರೆ 2021ರಲ್ಲಿ ಲಿನಕ್ಸ್‌ನ 5.15 ಕರ್ನಲ್ (ಸಿಸ್ಟಮ್ಮಿನ ತಿರುಳು) ಜೊತೆ ಬಂದ, ಎನ್‌ಟಿಎಫ್‌ಎಸ್ ಓದುವ ಎನ್‌ಟಿಎಫ್‌ಎಸ್3 ಡ್ರೈವರ್ ಮಡಿವಂತ. ಗುರುತು ಕಂಡರೆ ಒಳಗೇ ಬಿಟ್ಟುಕೊಳ್ಳುವುದಿಲ್ಲ. ಕರ್ನಲ್‌ನ ಸಂದೇಶಗಳನ್ನು ತೋರಿಸುವ ‘ಸುಡೊ ಡಿಎಂಇಎಸ್‌ಜಿ’ ಕೊಟ್ಟರೆ ಕೊನೆಯಲ್ಲಿ ‘ವಾಲ್ಯೂಮ್ ಈಸ್ ಡರ್ಟಿ’ ಅಂತ ಕಾಣುತ್ತದೆ.

ವಿಂಡೋಸ್‌ನಲ್ಲಿ ತೆರೆಯುತ್ತಿರುವಾಗಲೇ ಫೋಟೊಗಳನ್ನು ಬೇರೆ ಕಡೆ ಕಾಪಿ ಮಾಡಿಸಿ. ಆಮೇಲೆ ಅಲ್ಲೇ ಡ್ರೈವಿನ ತಪ್ಪು ಹುಡುಕಿ ತಿದ್ದುವ ‘ಸಿಎಚ್‌ಕೆಡಿಎಸ್‌ಕೆ ಇ: /ಎಫ್’ ಓಡಿಸಿ (ಇ ಬದಲು ಅಲ್ಲಿ ತೋರಿಸುವ ಅಕ್ಷರ), ಇಜೆಕ್ಟ್ ಕೊಟ್ಟೇ ತೆಗೆಯಿರಿ. ಅಂಗಡಿಗೆ ಹೋಗಲಾಗದಿದ್ದರೆ ಮಿಂಟ್‌ನಲ್ಲೇ ‘ಸುಡೊ ಎನ್‌ಟಿಎಫ್‌ಎಸ್‌ಫಿಕ್ಸ್ -ಡಿ /ಡೆವ್/ಎಸ್‌ಡಿಬಿ1’. ಹೆಸರಲ್ಲಿ ಫಿಕ್ಸ್ ಇದ್ದರೂ ಇದು ಸಣ್ಣಪುಟ್ಟ ತಪ್ಪು ತಿದ್ದಿ ಗುರುತು ಅಳಿಸುತ್ತದೆ ಅಷ್ಟೆ, ಪೂರ್ತಿ ತಪಾಸಣೆಯಲ್ಲ. ಅದಕ್ಕೇ ಕಾಪಿ ಮೊದಲು ಅಂದದ್ದು.

ನಿಮ್ಮ ಪ್ರಶ್ನೆಗೆ ಇಲ್ಲಿ ಇನ್ನೊಬ್ಬರು ಎಕ್ಸ್‌ಫ್ಯಾಟ್ (ಪೆನ್‌ಡ್ರೈವ್‌ಗಳಲ್ಲಿ ಬಳಸುವ ಇನ್ನೊಂದು ಪದ್ಧತಿ) ಪ್ಯಾಕೇಜ್ ಹಾಕಿ ಅಂದಿದ್ದಾರೆ. ಪಕ್ಕದಲ್ಲಿ ಎಕ್ಸ್‌ಫ್ಯಾಟ್ ಅಂತಲೇ ತೋರಿಸಿ, ಸಿಸ್ಟಮ್ಮೂ ಹಳೆಯದಾಗಿದ್ದರೆ ಸರಿ. 2020ರ 5.7 ಕರ್ನಲ್‌ನಿಂದೀಚೆಗೆ ಅದಕ್ಕೆ ಒಳ್ಳೆಯ ಡ್ರೈವರ್ ಕರ್ನಲ್‌ನಲ್ಲೇ ಇದೆ.

ನಾನೊಮ್ಮೆ ಇಡೀ ಸಂಜೆ ಹಾಳು ಮಾಡಿಕೊಂಡದ್ದು ಬೇರೆಯೇ ಕಾರಣಕ್ಕೆ. ಆರ್ಚ್ ಎಂಬ ಇನ್ನೊಂದು ಲಿನಕ್ಸ್‌ನಲ್ಲಿ ಕರ್ನಲ್ ಅಪ್‌ಡೇಟ್ ಮಾಡಿ ರೀಬೂಟ್ ಮರೆತಿದ್ದೆ. ಓಡುತ್ತಿದ್ದ ಹಳೇ ಕರ್ನಲ್‌ನ ಮಾಡ್ಯೂಲ್‌ಗಳು (ಡ್ರೈವರ್ ತುಣುಕುಗಳು) ಡಿಸ್ಕಿನಿಂದ ಹೋಗಿದ್ದವು, ಯಾವ ಪೆನ್‌ಡ್ರೈವೂ ತೆರೆಯಲಿಲ್ಲ. ನಗಬೇಡಿ, ಮೂರು ಡ್ರೈವ್ ಬದಲಿಸಿ ನೋಡಿದ್ದೆ.

ಡಿಎಂಇಎಸ್‌ಜಿಯಲ್ಲಿ ‘ಐ/ಒ ಎರರ್’ (ಓದಲು-ಬರೆಯಲು ಆಗದ ತಪ್ಪು) ಸಾಲುಗಳು ಸುರಿಯುತ್ತಿದ್ದರೆ ಮಾತ್ರ ಇದೆಲ್ಲ ಬಿಡಿ. ಆಗ ರಿಪೇರಿಗೂ ಮುಂಚೆ ಡಿಡಿರೆಸ್ಕ್ಯೂ ಎಂಬ ಸಾಫ್ಟ್‌ವೇರ್‌ನಿಂದ ಇಡೀ ಡ್ರೈವಿನ ನಕಲು ತೆಗೆಯಬೇಕು. ಕೊನೆಯ ಹತ್ತು ಸಾಲು ಇಲ್ಲಿ ಹಾಕಿ, ರಾತ್ರಿ ನೋಡಿ ಹೇಳ್ತೇನೆ.