ಥಾಸೋಸ್‌ಗೆ ಪ್ರೈವೇಟ್ ಜೆಟ್‌ನಲ್ಲಿ ಹೋಗಬಹುದಾ? ಕವಾಲಾ ತನಕ ಹೋಗಬಹುದು

ಅಪ್ಪ-ಅಮ್ಮನ ಮದುವೆಯ ಐವತ್ತನೇ ವರ್ಷಕ್ಕೆ ಮನೆಯವರು ಎಂಟು ಜನ ಬೆಂಗಳೂರಿನಿಂದ ಉತ್ತರ ಗ್ರೀಸ್‌ನ ಕವಾಲಾ ಊರಿಗೆ, ಅದರ ಎದುರಿನ ಥಾಸೋಸ್ ದ್ವೀಪಕ್ಕೆ ಪ್ರೈವೇಟ್ ಜೆಟ್‌ನಲ್ಲಿ ಹೋಗಬೇಕು, ಹೇಗೆ, ಅಷ್ಟು ದುಡ್ಡು ಹಾಕೋದು ಸರಿಯಾ ಅಂತ ಕೇಳಿದ್ದೀರಿ.

ನಾನು ದುಬೈನಲ್ಲಿ ಚಾರ್ಟರ್, ಅಂದರೆ ಇಡಿಯಾಗಿ ಬಾಡಿಗೆಗೆ ಕೊಡುವ ವಿಮಾನಗಳ ಆಪರೇಷನ್ಸ್ ಡೆಸ್ಕ್‌ನಲ್ಲಿ ಕೆಲಸ ಮಾಡುತ್ತೇನೆ. ಪರ್ಮಿಟ್, ಸ್ಲಾಟ್ (ಇಳಿಯಲು, ಹೊರಡಲು ಕಾಯ್ದಿರಿಸುವ ಹೊತ್ತು), ಹ್ಯಾಂಡ್ಲಿಂಗ್ (ನಿಲ್ದಾಣದಲ್ಲಿ ವಿಮಾನದ, ಪ್ರಯಾಣಿಕರ ಕೆಲಸ ನೋಡಿಕೊಳ್ಳೋದು), ಇದೇ ದಿನವಿಡೀ ಗೋಳು. ಕವಾಲಾಕ್ಕೆ ಒಮ್ಮೆ ಕಂಪನಿ ಜೆಟ್‌ನ ಖಾಲಿ ಸೀಟಿನಲ್ಲಿ ಹೋಗಿದ್ದೆ. ಆಮೇಲೆ ಹೆಂಡತಿಯನ್ನು ಕರೆದುಕೊಂಡು ಮಾಮೂಲಿ ಟಿಕೆಟ್‌ನಲ್ಲಿ ಹೋದೆ. ಹಾಗಾಗಿ ಎರಡೂ ಕಡೆಯಿಂದ ಹೇಳಬಲ್ಲೆ.

ಮೊದಲು ಒಂದು ವಿಷಯ. ಥಾಸೋಸ್‌ನಲ್ಲಿ ವಿಮಾನ ನಿಲ್ದಾಣವೇ ಇಲ್ಲ. ನೀವು ಎಷ್ಟೇ ದೊಡ್ಡ ಜೆಟ್ ತಂದರೂ ಇಳಿಯೋದು ಕವಾಲಾದ 'ಮಹಾ ಅಲೆಕ್ಸಾಂಡರ್' ನಿಲ್ದಾಣದಲ್ಲಿ. ರನ್‌ವೇ 3,000 ಮೀಟರ್ ಇದೆ, ಆ ಚಿಂತೆ ಬೇಡ. ಅಲ್ಲಿಂದ ಕೆರಮೋತಿ ಅನ್ನೋ ಸಣ್ಣ ಬಂದರಿಗೆ ಕಾರಿನಲ್ಲಿ ಸ್ವಲ್ಪ ಹೊತ್ತು. ಆಮೇಲೆ ಕಾರು, ಲಾರಿ, ಜನ ಎಲ್ಲರನ್ನೂ ತುಂಬಿಕೊಂಡು ಹೋಗುವ ಫೆರಿಯಲ್ಲಿ ಸುಮಾರು ನಲವತ್ತು ನಿಮಿಷ. ಲಕ್ಷಾಂತರ ರೂಪಾಯಿ ಕೊಟ್ಟು ಬಂದವರೂ ಅಲ್ಲಿ ಟಿಕೆಟ್ ಹಿಡಿದು ಕ್ಯೂನಲ್ಲೇ ನಿಲ್ಲಬೇಕು. ಅದಕ್ಕೇ ನನಗೆ ಆ ಫೆರಿ ಅಂದರೆ ಇಷ್ಟ. ಕವಾಲಾ ಊರಿನ ಬಂದರಿನಿಂದಲೂ ಫೆರಿ ಇದೆ, ಅದು ದ್ವೀಪದ ಪ್ರಿನೋಸ್ ಕಡೆಗೆ ಹೋಗುತ್ತದೆ. ಹೊತ್ತು ಜಾಸ್ತಿ ಹಿಡಿಯುತ್ತದೆ.

ಈಗ ಜೆಟ್ ವಿಷಯ. ಬೆಂಗಳೂರಿನಿಂದ ಅಲ್ಲಿಗೆ ಹೆಚ್ಚುಕಮ್ಮಿ 6,000 ಕಿಲೋಮೀಟರ್. ಫೀನಾಮ್ 300 ಥರದ ಸಣ್ಣ ಜೆಟ್ ಒಂದೇ ಉಸಿರಿಗೆ ಅಷ್ಟು ದೂರ ಹಾರುವುದಿಲ್ಲ, ಮಧ್ಯೆ ಇಳಿದು ಇಂಧನ ತುಂಬಿಸಬೇಕು. ಗಲ್ಫ್‌ಸ್ಟ್ರೀಮ್ 650 ಥರದ ದೊಡ್ಡದು ನೇರವಾಗಿ ಹೋಗುತ್ತದೆ, ಆದರೆ ಅದರ ಬಾಡಿಗೆಯ ಮಟ್ಟವೇ ಬೇರೆ. ಭಾರತದ ಚಾರ್ಟರ್ ಕಂಪನಿಯ ವಿಮಾನ ತೆಗೆದುಕೊಂಡರೆ, ಯುರೋಪ್‌ಗೆ ದುಡ್ಡು ಕೊಟ್ಟ ಪ್ರಯಾಣಿಕರನ್ನು ಒಯ್ಯಲು ಅವರ ಬಳಿ ಟಿಸಿಓ ಅನುಮತಿ ಇದೆಯಾ ಅಂತ ಮೊದಲೇ ಕೇಳಿ. ಯುರೋಪ್‌ನ ವಿಮಾನ ಸುರಕ್ಷತಾ ಸಂಸ್ಥೆ ಇಯಾಸಾ ಹೊರದೇಶದ ಕಂಪನಿಗಳಿಗೆ ಕೊಡುವ ಅನುಮತಿ ಅದು. 'ನೋಡೋಣ ಸರ್, ಮಾಡಿಸೋಣ' ಅಂದರೆ ಆ ಕಂಪನಿ ಬಿಟ್ಟುಬಿಡಿ.

ಷೆಂಗೆನ್ ವೀಸಾ ಎಂಟು ಜನಕ್ಕೂ ಬೇಕೇ ಬೇಕು. ಪ್ರೈವೇಟ್ ಜೆಟ್ ಅಂದರೆ ವೀಸಾ ಸಡಿಲ ಅಂತ ಯಾರು ಸುದ್ದಿ ಹಬ್ಬಿಸಿದರೋ, ವಾರಕ್ಕೊಬ್ಬರಾದರೂ ಅದನ್ನೇ ಕೇಳುತ್ತಾರೆ. ನೀವು ಷೆಂಗೆನ್ ಹೊರಗಿನಿಂದ ಬರುತ್ತೀರಿ, ಅಂದರೆ ಇಳಿದ ಕಡೆಯೇ ಪಾಸ್‌ಪೋರ್ಟ್ ತಪಾಸಣೆ. ಸಣ್ಣ ನಿಲ್ದಾಣಗಳಲ್ಲಿ ಆ ಸಿಬ್ಬಂದಿ ಸದಾ ಕಾಯುತ್ತಾ ಕೂತಿರುವುದಿಲ್ಲ. ಬರುವ ಹೊತ್ತನ್ನು ಹ್ಯಾಂಡ್ಲಿಂಗ್ ಏಜೆಂಟ್ ಮುಂಚೆಯೇ ತಿಳಿಸಿರಬೇಕು. ಬೇಸಿಗೆಯಲ್ಲಿ ಗ್ರೀಸ್‌ನ ಹಲವು ನಿಲ್ದಾಣಗಳಲ್ಲಿ ಸ್ಲಾಟ್ ಕೂಡ ತೆಗೆದುಕೊಳ್ಳಬೇಕು. 'ನಮ್ಮದೇ ವಿಮಾನ, ಮನಸ್ಸು ಬಂದಾಗ ಹೊರಡೋಣ' ಅನ್ನೋದು ಜಾಹೀರಾತಿನ ಮಾತು.

ಇನ್ನು ಬಿಲ್. ನೀವು ದ್ವೀಪದಲ್ಲಿ ಮರಳಿನ ಮೇಲೆ ಮಲಗಿರುವಾಗಲೂ ಅದು ಓಡುತ್ತಿರುತ್ತದೆ. ವಿಮಾನ ಅಲ್ಲೇ ಕಾದರೆ ಪಾರ್ಕಿಂಗ್, ಪೈಲಟ್‌ಗಳ ಹೋಟೆಲ್, ಊಟ. ಜೊತೆಗೆ ಕೆಲವು ಕಂಪನಿಗಳು ದಿನಕ್ಕೆ ಕನಿಷ್ಠ ಇಷ್ಟು ಗಂಟೆ ಅಂತ ಹಾರದ ದಿನಕ್ಕೂ ಲೆಕ್ಕ ಹಾಕುತ್ತವೆ. ವಾಪಸ್ ಕಳಿಸಿದರೆ ಖಾಲಿ ಹಾರಾಟದ ಖರ್ಚೂ ನಿಮ್ಮದೇ. ಕೊಟೇಶನ್ ಕೇಳುವಾಗ ಎರಡೂ ಲೆಕ್ಕ ಬೇರೆ ಬೇರೆಯಾಗಿ ಬರೆಸಿಕೊಳ್ಳಿ.

ನನ್ನನ್ನು ಕೇಳಿದರೆ ಬೆಂಗಳೂರಿನಿಂದ ಜೆಟ್ ಬೇಡ. ಮಾಮೂಲಿ ವಿಮಾನದ ಬಿಸಿನೆಸ್ ಕ್ಲಾಸ್‌ನಲ್ಲಿ ಅಥೆನ್ಸ್‌ಗೆ ಹೋಗಿ, ಹಿರಿಯರು ಒಂದು ರಾತ್ರಿ ಮಲಗಿ ಸುಧಾರಿಸಿಕೊಳ್ಳಲಿ. ಜೆಟ್ ಆಸೆ ತೀರಲೇಬೇಕಾದರೆ ಅಥೆನ್ಸ್‌ನಿಂದ ಕವಾಲಾಕ್ಕೆ ಸಣ್ಣದೊಂದನ್ನು ಮಾಡಿಕೊಳ್ಳಿ, ಒಂದು ಗಂಟೆಯೊಳಗಿನ ಹಾರಾಟ. ಫೋಟೊಗೂ ಆಯಿತು. ಆ ದಾರಿಯಲ್ಲಿ ಮಾಮೂಲಿ ದೇಶೀಯ ವಿಮಾನಗಳೂ ಇವೆ ಅನ್ನೋದು ಬೇರೆ ಮಾತು.

ಜೆಟ್‌ನಲ್ಲಿ ಬಂದವರು ಒಂದು ಎಡವಟ್ಟು ಮಾಡುವುದನ್ನು ಯಾವಾಗಲೂ ನೋಡುತ್ತೇನೆ. ನಿಲ್ದಾಣ ಇರುವುದು ಕವಾಲಾದ ಪೂರ್ವಕ್ಕೆ, ಊರಿನಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿ. ಕೆರಮೋತಿ ಇನ್ನೊಂದು ದಿಕ್ಕು, ಅದೂ ಹತ್ತಿರ. ಹಾಗಾಗಿ ಇಳಿದವರು ಸೀದಾ ಫೆರಿಗೆ ಓಡುತ್ತಾರೆ, ಕವಾಲಾ ನೋಡುವುದೇ ಇಲ್ಲ. ಎಂಥ ಊರು ಗೊತ್ತಾ! ಬೆಟ್ಟದಿಂದ ಬಂದರಿನ ತನಕ ಮನೆಗಳು ಇಳಿದು ಬಂದಿವೆ. ಊರಿನ ನಡುವೆ ಕಮಾನುಗಳ ಮೇಲೆ ನಿಂತ ಹಳೇ ನೀರಿನ ಮೇಲ್ಗಾಲುವೆ, ಆಟೋಮನ್ ಕಾಲದ್ದು. ಈಜಿಪ್ಟ್ ಆಳಿದ ಮಹಮ್ಮದ್ ಅಲಿ ಪಾಷಾ ಹುಟ್ಟಿದ್ದು ಇಲ್ಲೇ. ಅವನು ಕಟ್ಟಿಸಿದ ಇಮಾರೆತ್‌ನಲ್ಲಿ ಆಗ ಬಡವರಿಗೆ ಊಟ ಹಾಕುತ್ತಿದ್ದರು, ಓದುವ ಹುಡುಗರೂ ಇರುತ್ತಿದ್ದರು. ಈಗ ಅದು ದುಬಾರಿ ಹೋಟೆಲ್. ಜೆಟ್‌ಗೆ ಸುರಿಯುವ ದುಡ್ಡಿನಲ್ಲಿ ಒಂದು ಚೂರು ತೆಗೆದು ಅಪ್ಪ-ಅಮ್ಮನಿಗೆ ಅಲ್ಲಿ ಎರಡು ರಾತ್ರಿ ಕೊಡಿಸಿ.

ಕವಾಲಾದಿಂದ ಸುಮಾರು 15 ಕಿಲೋಮೀಟರ್‌ನಲ್ಲಿ ಫಿಲಿಪ್ಪಿ ಅನ್ನೋ ಪ್ರಾಚೀನ ಊರಿನ ಅವಶೇಷ. ರೋಮ್‌ನ ಸೀಸರ್‌ನನ್ನು ಕೊಂದ ಬ್ರೂಟಸ್, ಕ್ಯಾಸಿಯಸ್ ಇಬ್ಬರೂ ಕ್ರಿಸ್ತಪೂರ್ವ 42ರಲ್ಲಿ ಯುದ್ಧದಲ್ಲಿ ಸೋತು ಸತ್ತ ಜಾಗ. 2016ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ನೆರಳು ಕಮ್ಮಿ, ಬೆಳಿಗ್ಗೆಯೇ ಹೋಗಿ.

ಥಾಸೋಸ್‌ನಲ್ಲಿ ಕಾರು ಇರಲಿ. ದ್ವೀಪ ಸುತ್ತುವ ರಸ್ತೆ ಸುಮಾರು 100 ಕಿಲೋಮೀಟರ್. ಅಲಿಕಿಯನ್ನು ಮಾತ್ರ ಬಿಡಬೇಡಿ. ಅಲ್ಲಿ ಹಳೇ ಕಾಲದ ಅಮೃತಶಿಲೆ ಗಣಿ ಸಮುದ್ರದ ಅಂಚಿನಲ್ಲೇ ಇದೆ, ಕಲ್ಲು ಕಡಿದ ಗುರುತುಗಳ ಮೇಲೆ ಅಲೆ ಬಂದು ಬಡಿಯುತ್ತದೆ. ಮೆಕ್ಕಾ ಮಸೀದಿಯ ಅಂಗಳಕ್ಕೆ ಹಾಸಿರುವುದು ಇದೇ ದ್ವೀಪದ ಬಿಳಿ ಕಲ್ಲು, ಬಿಸಿಲಿಗೂ ಕಾಲು ಸುಡುವುದಿಲ್ಲ. ಜಿಯೋಲಾ ಅನ್ನೋ ಬಂಡೆ ನಡುವಿನ ಕೊಳ ಫೋಟೊದಲ್ಲಿ ಚೆಂದ, ಆದರೆ ಇಳಿಜಾರು ದಾರಿ, ಮಂಡಿ ನೋವಿನವರಿಗೆ ಆಗಲ್ಲ.

ಸಸ್ಯಾಹಾರಿಗಳಾದರೆ ಉಪವಾಸವೇನೂ ಬೀಳುವುದಿಲ್ಲ. ಟೊಮೆಟೊದಲ್ಲಿ ಬೇಯಿಸಿದ ದೊಡ್ಡ ಬಿಳಿ ಕಾಳು 'ಯೀಗಾಂತೆಸ್', ಬೇಯಿಸಿದ ಸೊಪ್ಪು 'ಹೋರ್ತಾ', ದ್ವೀಪದ ಸುಕ್ಕುಗಟ್ಟಿದ ಕಪ್ಪು ಆಲಿವ್, ಪೈನ್ ಕಾಡಿನ ಜೇನು. ಯಾರಾದರೂ 'ಚರ್ಚಿನ ವ್ರತದ ಅಡುಗೆ ಕೇಳಿ, ಮಾಂಸ ಇರಲ್ಲ' ಅಂದರೆ ಹುಷಾರು. ಅದರಲ್ಲಿ ಸೀಗಡಿ, ಸ್ಕ್ವಿಡ್ ಇರಬಹುದು.

ಕೊನೆಗೂ ಜೆಟ್‌ನಲ್ಲೇ ಹೋಗುತ್ತೀರಾದರೆ, ಹೊರಡುವ ಹಿಂದಿನ ರಾತ್ರಿ ದ್ವೀಪದಲ್ಲಿ ಉಳಿಯಬೇಡಿ, ಕವಾಲಾದಲ್ಲೋ ಕೆರಮೋತಿಯಲ್ಲೋ ಮಲಗಿ. ಗಾಳಿ ಜೋರಾಗಿ ಫೆರಿ ನಿಂತರೆ ನಿಮ್ಮ ಸ್ಲಾಟ್ ಹೋಗುತ್ತದೆ. ಪೈಲಟ್‌ಗಳಿಗೂ ದಿನಕ್ಕೆ ಇಷ್ಟೇ ಗಂಟೆ ಡ್ಯೂಟಿ ಅಂತ ಕಾನೂನಿದೆ, ಅದು ಮುಗಿದರೆ ಎಷ್ಟು ಬೇಡಿಕೊಂಡರೂ ಅವರು ಹಾರಿಸುವಂತಿಲ್ಲ.