ಓದುಗರ ಪ್ರಶ್ನೆ: ಪಿಚರ್ ತೋಳಿನ ಲೆಕ್ಕ

ಪ್ರಶ್ನೆ: ನನ್ನ ತಮ್ಮ ಕಾಲೇಜು ತಂಡದಲ್ಲಿ ವೇಗದ ಬೌಲರ್. ಅವನು ಬೇಸ್‌ಬಾಲ್ ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವನು) ಆಗುವುದು ಸುಲಭವಲ್ಲವೇ?
– ಓದುಗರು, ಹಾಸನ

ಉತ್ತರ: ಅಂದುಕೊಂಡಷ್ಟು ಸುಲಭವಲ್ಲ. ದೂರದಲ್ಲಿ ದೊಡ್ಡ ವ್ಯತ್ಯಾಸವೇನೂ ಇಲ್ಲ. ಪಿಚರ್ ನಿಲ್ಲುವ ರಬ್ಬರ್ ಪಟ್ಟಿಯಿಂದ ಬ್ಯಾಟರ್ ಪಕ್ಕದ ಹೋಮ್ ಪ್ಲೇಟ್‌ಗೆ 60 ಅಡಿ 6 ಅಂಗುಲ, ನಮ್ಮ ಕ್ರಿಕೆಟ್ ಪಿಚ್ 66 ಅಡಿ. ಚೆಂಡು ತುಸು ಹಗುರ, 142ರಿಂದ 149 ಗ್ರಾಂ. ಆದರೆ ಬೌಲರ್‌ಗೆ ಓಟದಿಂದ ಸಿಗುವ ವೇಗವನ್ನು ಪಿಚರ್ 10 ಅಂಗುಲ ಎತ್ತರದ ದಿಬ್ಬದ ಮೇಲೆ ಒಂದೇ ಹೆಜ್ಜೆಯಲ್ಲಿ ಹುಟ್ಟಿಸಬೇಕು. ಹಿಂಗಾಲು ರಬ್ಬರಿಗೆ ತಾಗಿರುತ್ತದೆ, ಮುಂದಿನ ಹೆಜ್ಜೆ ಹೆಚ್ಚುಕಡಿಮೆ ಆಳಿನ ಎತ್ತರದಷ್ಟೇ ಉದ್ದ. ಸೊಂಟ ಮೊದಲು ತಿರುಗಬೇಕು, ಭುಜ ಆಮೇಲೆ. ಕ್ರಿಕೆಟ್‌ನಿಂದ ಬಂದವರು ಮೊಣಕೈ ಮಡಿಸಲು ಹಿಂಜರಿಯುತ್ತಾರೆ, ಇಲ್ಲವೇ ಎದೆಯನ್ನು ಬೇಗ ತಿರುಗಿಸಿಬಿಡುತ್ತಾರೆ. ಎದೆ ಬೇಗ ತಿರುಗಿದರೆ ತೋಳು ಹಿಂದುಳಿಯುತ್ತದೆ. ಚೆಂಡು ಗುರಿ ಬಿಟ್ಟು ಮೇಲೆ ಹೋಗುತ್ತದೆ, ಮೊಣಕೈ ಮೇಲಿನ ಎಳೆತವೂ ಹೆಚ್ಚುತ್ತದೆ.

ಮೊದಲು ಕಲಿಯಬೇಕಾದ ಹಿಡಿತ ನಾಲ್ಕು ಹೊಲಿಗೆಯ ಫಾಸ್ಟ್‌ಬಾಲ್‌ನದು. ತೋರುಬೆರಳು, ನಡುಬೆರಳು ಕುದುರೆ ಲಾಳದಂತಿರುವ ಹೊಲಿಗೆಯ ಮೇಲೆ ಅಡ್ಡಲಾಗಿ, ಹೆಬ್ಬೆರಳು ಕೆಳಗೆ. ಚೆಂಡಿಗೂ ಅಂಗೈಗೂ ನಡುವೆ ಸಂದು ಕಾಣಬೇಕು. ಅಂಗೈಗೆ ಒತ್ತಿ ಹಿಡಿದರೆ ವೇಗ ಸಾಯುತ್ತದೆ. ಬೇಕೆಂದೇ ಹಾಗೆ ಹಿಡಿದು, ತೋಳನ್ನು ಅದೇ ವೇಗದಲ್ಲಿ ಬೀಸಿದರೆ ಅದೇ ಚೇಂಜ್‌ಅಪ್, ಬ್ಯಾಟರ್‌ನನ್ನು ಮೋಸಗೊಳಿಸುವ ನಿಧಾನದ ಎಸೆತ!

ಭಾರತದಲ್ಲಿ ನಡೆದ ಸ್ಪರ್ಧೆಯ ಮೂಲಕ 2008ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ ಸೇರಿದ ರಿಂಕು ಸಿಂಗ್ (ಈಗಿನ ಕ್ರಿಕೆಟಿಗನಲ್ಲ) ಮತ್ತು ದಿನೇಶ್ ಪಟೇಲ್ ಜಾವೆಲಿನ್ ಎಸೆಯುತ್ತಿದ್ದವರು, ಬೌಲರ್‌ಗಳಲ್ಲ. ಅವರಿಗೂ ಅಮೆರಿಕದ ಅತಿ ಮೇಲಿನ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್ ಎಟುಕಲಿಲ್ಲ.

ಪ್ರಶ್ನೆ: ಡ್ರಾಫ್ಟ್‌ನಲ್ಲಿ ಆಯ್ಕೆಯಾದರೆ ಕೋಟಿಗಟ್ಟಲೆ ಹಣ ಬಂದಂತೆಯೇ?
– ಓದುಗರು, ಬೆಂಗಳೂರು

ಉತ್ತರ: ಮೊದಲ ಸುತ್ತಿನವರಿಗೆ ಹೌದು. ಡ್ರಾಫ್ಟ್ ಅಂದರೆ ಮೇಜರ್ ಲೀಗ್ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವುದು, ಈಗ 20 ಸುತ್ತು. ಕೆಳಗಿನ ಸುತ್ತುಗಳಲ್ಲಿ ಸಹಿಯ ಹಣ ತೀರಾ ಇಳಿಯುತ್ತದೆ. ಆಮೇಲೆ ಕೆಳಹಂತದ ಮೈನರ್ ಲೀಗ್‌ನ ಮೆಟ್ಟಿಲುಗಳು. 2023ರ ಒಪ್ಪಂದದಂತೆ ಅವುಗಳಲ್ಲಿ ಅತಿ ಮೇಲಿನದಾದ ಟ್ರಿಪಲ್ ಎ ಆಟಗಾರನ ಕನಿಷ್ಠ ವರ್ಷದ ಸಂಬಳ ಆ ವರ್ಷ 35,800 ಡಾಲರ್ ಇತ್ತು. ಅದರ ಮೇಲಿನ ಮೆಟ್ಟಿಲಾದ ಮೇಜರ್ ಲೀಗ್‌ನಲ್ಲಿ 2025ರ ಕನಿಷ್ಠ ಸಂಬಳ 7,60,000 ಡಾಲರ್ ಇತ್ತು. ಅಲ್ಲಿ 172 ದಿನ ಸೇರಿ ಒಂದು ವರ್ಷದ ಸೇವೆ. ಅಂಥ ಆರು ವರ್ಷ ಮುಗಿದ ಮೇಲಷ್ಟೇ ಬೇಕಾದ ತಂಡದೊಂದಿಗೆ ಚೌಕಾಶಿ ಮಾಡಬಹುದು. ಸಹಿಗೂ ಮುಂಚೆ ವೈದ್ಯರ ತಪಾಸಣೆ ಇದೆ. ತಾಯಿಯ ಕಡೆಯಿಂದ ಭಾರತೀಯ ಮೂಲದ ಕುಮಾರ್ ರಾಕರ್‌ನನ್ನು 2021ರಲ್ಲಿ ನ್ಯೂಯಾರ್ಕ್ ಮೆಟ್ಸ್ 10ನೆಯವನಾಗಿ ಆರಿಸಿತು, ತಪಾಸಣೆಯ ನಂತರ ಒಪ್ಪಂದವನ್ನೇ ಮಾಡಿಕೊಳ್ಳಲಿಲ್ಲ. ಮರುವರ್ಷ ಟೆಕ್ಸಸ್ ರೇಂಜರ್ಸ್ 3ನೆಯವನಾಗಿ ತೆಗೆದುಕೊಂಡಿತು. 2023ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆ, 2024ರ ಸೆಪ್ಟೆಂಬರ್‌ನಲ್ಲಿ ಮೇಜರ್ ಲೀಗ್‌ನ ಮೊದಲ ಪಂದ್ಯ.

ಪ್ರಶ್ನೆ: ಮಗನಿಗೆ 12 ವರ್ಷ. ಶಾಲೆಯ ತಂಡ, ವಾರಾಂತ್ಯದ ಕ್ಲಬ್ ಎರಡಕ್ಕೂ ಪಿಚರ್. ಮೊಣಕೈ ಒಳಬದಿ ನೋಯುತ್ತದೆ ಅನ್ನುತ್ತಾನೆ. ಐಸ್ ಇಟ್ಟು ಆಡಿಸಬಹುದೇ?
– ಓದುಗರು, ನ್ಯೂಜೆರ್ಸಿ

ಉತ್ತರ: ಖಂಡಿತ ಬೇಡ. ಇವತ್ತೇ ಎಸೆತ ನಿಲ್ಲಿಸಿ, ಮೂಳೆ ವೈದ್ಯರಿಗೆ ತೋರಿಸಿ. ಈ ವಯಸ್ಸಿನಲ್ಲಿ ಮೊಣಕೈ ಮೂಳೆಯ ಬೆಳೆಯುವ ಭಾಗ ಇನ್ನೂ ಎಳೆಯದು, ಅದರ ಪಕ್ಕದ ಲಿಗಮೆಂಟ್‌ಗಿಂತ (ಮೂಳೆಗೆ ಮೂಳೆ ಜೋಡಿಸುವ ನಾರು) ದುರ್ಬಲ. ಎಸೆದಾಗಲೆಲ್ಲ ಸ್ನಾಯು ಅದನ್ನೇ ಜಗ್ಗುತ್ತದೆ. ನೋವಿನ ಮಾತ್ರೆ ಕೊಟ್ಟು ಆಡಿಸಿದರೆ ನೋವು ಅಡಗುತ್ತದೆ, ಜಗ್ಗಾಟ ನಿಲ್ಲುವುದಿಲ್ಲ. ಮೂಳೆಯ ಆ ಚೂರು ಕಿತ್ತು ಬರಲೂಬಹುದು.

ತಪ್ಪು ಎಲ್ಲಾಗಿದೆ ಎಂಬುದು ನಿಮ್ಮ ಪತ್ರದಲ್ಲೇ ಇದೆ: ಎರಡು ತಂಡ. ಮೇಜರ್ ಲೀಗ್ ಮತ್ತು ಅಮೆರಿಕದ ಬೇಸ್‌ಬಾಲ್ ಸಂಸ್ಥೆ ಸೇರಿ ರೂಪಿಸಿದ ಸೂತ್ರದಲ್ಲಿ 11-12 ವಯಸ್ಸಿಗೆ ದಿನಕ್ಕೆ ಹೆಚ್ಚೆಂದರೆ 85 ಎಸೆತ. 21ರಿಂದ 35 ಎಸೆದರೆ ಒಂದು ದಿನ ಬಿಡುವು, 50ರವರೆಗೆ ಎರಡು, 65ರವರೆಗೆ ಮೂರು, 65 ದಾಟಿದರೆ ನಾಲ್ಕು ದಿನ. ಶನಿವಾರ ಕ್ಲಬ್‌ಗೆ 60 ಎಸೆದು ಸೋಮವಾರ ಶಾಲೆಗೆ 50 ಎಸೆದರೆ, ಇಬ್ಬರು ಕೋಚ್‌ಗಳ ಪುಸ್ತಕದಲ್ಲೂ ಲೆಕ್ಕ ಸರಿಯಾಗಿಯೇ ಇರುತ್ತದೆ. ಹುಡುಗನ ಮೊಣಕೈಗೆ ಇರುವುದು ಒಂದೇ ಪುಸ್ತಕ. ಆದ್ದರಿಂದ ಲೆಕ್ಕ ನೀವೇ ಇಡಿ, ತಾರೀಖು ಹಾಕಿ ಬರೆದು ಇಬ್ಬರಿಗೂ ತೋರಿಸಿ. ಪಂದ್ಯಕ್ಕೆ ಮುಂಚಿನ ಅಭ್ಯಾಸದ ಎಸೆತ ಈ ಸಂಖ್ಯೆಯಲ್ಲಿ ಸೇರುವುದಿಲ್ಲ ಎಂಬುದೂ ಗೊತ್ತಿರಲಿ.

ಪಿಚ್ ಮಾಡಿದ ದಿನ ಅವನನ್ನು ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವನು) ಜಾಗದಲ್ಲಿ ನಿಲ್ಲಿಸಬೇಡಿ. ಅಲ್ಲೂ ಪ್ರತಿ ಚೆಂಡನ್ನು ವಾಪಸ್ ಎಸೆಯಬೇಕು. ವರ್ಷದಲ್ಲಿ ನಾಲ್ಕು ತಿಂಗಳು ಎಸೆತವೇ ಬೇಡ, ಈಜಲಿ, ಫುಟ್‌ಬಾಲ್ ಆಡಲಿ. ಸದ್ಯಕ್ಕೆ ಫಾಸ್ಟ್‌ಬಾಲ್, ಚೇಂಜ್‌ಅಪ್ ಸಾಕು. ವೈದ್ಯರು ಒಪ್ಪಿದ ಮೇಲೂ ನೇರ ದಿಬ್ಬ ಹತ್ತಿಸದೆ, ಸಮನೆಲದಲ್ಲಿ 30-45 ಅಡಿಯ ಮೆಲ್ಲನೆಯ ಎಸೆತದಿಂದ ಶುರುಮಾಡಿ.

ಪ್ರಶ್ನೆ: ಟಾಮಿ ಜಾನ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೆ ಮೊದಲಿಗಿಂತ ವೇಗ ಹೆಚ್ಚುತ್ತದಂತೆ, ನಿಜವೇ?
– ಓದುಗರು, ದಾವಣಗೆರೆ

ಉತ್ತರ: ಇಲ್ಲ. ವೇಗ ಹೆಚ್ಚಿದಂತೆ ಕಂಡರೆ ಅದು ವರ್ಷವಿಡೀ ಕಾಲು, ಸೊಂಟ, ಭುಜಕ್ಕೆ ಕೊಟ್ಟ ವ್ಯಾಯಾಮದ ಫಲ. ಮೊಣಕೈ ಒಳಬದಿಯ ಲಿಗಮೆಂಟ್ ಹರಿದಾಗ, ಮೂಳೆಗಳಲ್ಲಿ ತೂತು ಕೊರೆದು ಬೇರೆ ಕಡೆಯ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು) ಪೋಣಿಸುವುದೇ ಈ ಚಿಕಿತ್ಸೆ. ಸಾಮಾನ್ಯವಾಗಿ ಮುಂಗೈಯದನ್ನು ತೆಗೆಯುತ್ತಾರೆ. ಹೆಬ್ಬೆರಳು, ಕಿರುಬೆರಳು ಮುಟ್ಟಿಸಿ ಮಣಿಕಟ್ಟು ಒಳಕ್ಕೆ ಬಗ್ಗಿಸಿ ನೋಡಿ: ನಡುವೆ ಹಗ್ಗದಂತೆ ಎದ್ದು ಕಾಣುವುದು ಅದೇ. ಕೆಲವರಿಗೆ ಹುಟ್ಟಿನಿಂದಲೇ ಅದು ಇರುವುದಿಲ್ಲ, ಆಗ ತೊಡೆಯಿಂದ ತೆಗೆಯುತ್ತಾರೆ. ಪಂದ್ಯಕ್ಕೆ ಮರಳಲು 12ರಿಂದ 18 ತಿಂಗಳು ಬೇಕು. ಅವಸರ ಮಾಡಿದರೆ ಪೋಣಿಸಿದ್ದೂ ಹರಿಯುತ್ತದೆ.

ಹೆಸರು ಕೊಟ್ಟ ಟಾಮಿ ಜಾನ್ ಲಾಸ್ ಏಂಜಲೀಸ್ ಡಾಡ್ಜರ್ಸ್‌ನ ಎಡಗೈ ಪಿಚರ್. 1974ರ ಸೆಪ್ಟೆಂಬರ್‌ನಲ್ಲಿ ಡಾ. ಫ್ರಾಂಕ್ ಜೋಬ್ ಎಂಬ ವೈದ್ಯರು ಜಾನ್ ಅವರದೇ ಬಲ ಮುಂಗೈಯ ಟೆಂಡನ್ ತೆಗೆದು ಎಡ ಮೊಣಕೈಗೆ ಹಾಕಿದರು. 1975 ಪೂರ್ತಿ ಹೊರಗೆ. ಜಾನ್ ವೇಗವನ್ನೇ ನಂಬಿದವರಲ್ಲ. ಚೆಂಡನ್ನು ಕೆಳಗೆ ಮುಳುಗಿಸಿ, ಬ್ಯಾಟರ್ ಅದನ್ನು ನೆಲಕ್ಕೆ ಹೊಡೆಯುವಂತೆ ಮಾಡುವವರು. ಒಟ್ಟು 288 ಗೆಲುವುಗಳಲ್ಲಿ 164 ಶಸ್ತ್ರಚಿಕಿತ್ಸೆಯ ನಂತರದವು. 1989ರಲ್ಲಿ ಕೊನೆಯ ಪಂದ್ಯ ಆಡಿದಾಗ ವಯಸ್ಸು 46.