ಪ್ರತಿಕ್ರಿಯೆ: ಬ್ರೆಕ್ಸಿಟ್ ಮರುದಿನ ಜನರೆಲ್ಲ ಪಶ್ಚಾತ್ತಾಪಪಟ್ಟರೇ?

ನಮಸ್ಕಾರ. 2016ರ ಜೂನ್ 23ರಂದು ಐರೋಪ್ಯ ಒಕ್ಕೂಟ ಬಿಡಲು ಮತ ಹಾಕಿದ ಬ್ರಿಟನ್ನಿನ ಜನ ಮರುದಿನವೇ ಕೈಕೈ ಹಿಸುಕಿಕೊಂಡರೇ ಎಂದು ಕೇಳಿದ್ದೀರಿ. ಇಲ್ಲ. ಹಾಗೆನ್ನುವುದು ಬಿಡಬೇಕೆಂದ 1.74 ಕೋಟಿ ಜನರಿಗೆ ಮಾಡುವ ಅನ್ಯಾಯ.

ಈಶಾನ್ಯ ಇಂಗ್ಲೆಂಡಿನ ಸಂಡರ್‌ಲ್ಯಾಂಡ್ ಪಟ್ಟಣವನ್ನೇ ನೋಡಿ. ಅಲ್ಲಿ ಶೇ 61ರಷ್ಟು ಮತ ಬಿಡುವುದರ ಪರವಾಗಿ ಬಿತ್ತು. ನಡುರಾತ್ರಿ ಕಳೆದು ಫಲಿತಾಂಶ ಘೋಷಣೆಯಾದಾಗ ಎಣಿಕೆ ಕೇಂದ್ರದಲ್ಲಿ ಜನ ಒಬ್ಬರನ್ನೊಬ್ಬರು ಹೆಗಲ ಮೇಲೆ ಹೊತ್ತು ಕೇಕೆ ಹಾಕಿದರು. ಯುರೋಪಿಗೆ ಕಾರು ಕಳಿಸುವ ನಿಸಾನ್ ಕಾರ್ಖಾನೆ ಇರುವ ಊರು ಅದು. ಕೂತ ಕೊಂಬೆಯನ್ನೇ ಕಡಿದುಕೊಂಡರು ಎಂದು ಹಲವರು ಹಳಿದರು. ಆದರೆ 1988ರಲ್ಲಿ ಹಡಗು ನಿರ್ಮಾಣದ ಕಾರ್ಖಾನೆಗಳು, 1993ರಲ್ಲಿ ಊರಿನ ಕೊನೆಯ ಕಲ್ಲಿದ್ದಲು ಗಣಿ ಮುಚ್ಚಿದ್ದನ್ನು ಕಂಡವರು ಅವರು. ಲಂಡನ್ನಿನ ಎಚ್ಚರಿಕೆಯ ಮಾತು ಅವರ ಕಿವಿಗೆ ಬೀಳದಿದ್ದುದರಲ್ಲಿ ನನಗೆ ಆಶ್ಚರ್ಯ ಕಾಣುವುದಿಲ್ಲ.

ದುಃಖವೂ ಅಷ್ಟೇ ನಿಜ. ಬೆಳಗಾಗುವಷ್ಟರಲ್ಲಿ ಪೌಂಡ್ 1985ರ ನಂತರದ ಕನಿಷ್ಠ ಮಟ್ಟಕ್ಕೆ ಕುಸಿದಿತ್ತು. ಪ್ರಧಾನಿ ಕ್ಯಾಮರೂನ್ ರಾಜೀನಾಮೆ ಪ್ರಕಟಿಸಿದರು. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿನ ಒಂದು ಅಂಚೆ ಕಚೇರಿಯಲ್ಲಿ ಐರಿಷ್ ಪಾಸ್‌ಪೋರ್ಟಿನ ಅರ್ಜಿ ನಮೂನೆಗಳೇ ಖಾಲಿಯಾದವು. ಐರ್ಲೆಂಡ್ ದೇಶ ಒಕ್ಕೂಟದಲ್ಲೇ ಉಳಿಯುವುದರಿಂದ, ಒಕ್ಕೂಟದ ನಂಟು ಉಳಿಸಿಕೊಳ್ಳಲು ಜನ ಹಿಡಿದ ದಾರಿ ಅದು. ಶೇ 62ರಷ್ಟು ಮಂದಿ ಉಳಿಯಬೇಕೆಂದ ಸ್ಕಾಟ್ಲೆಂಡಿನಲ್ಲಿ ಸ್ವಾತಂತ್ರ್ಯದ ಕೂಗು ಮತ್ತೆ ಎದ್ದಿತು.

ಮರುಮತದಾನ ಕೋರಿದ ಮನವಿಗೆ 40 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದದ್ದನ್ನು ಪಶ್ಚಾತ್ತಾಪವೆಂದು ಓದಬೇಡಿ. ಆ ಮನವಿಯನ್ನು ಮತದಾನಕ್ಕೆ ಮೊದಲೇ, ಸೋಲುವ ಭಯದಲ್ಲಿ, ಬಿಡುವ ಪರವಾಗಿದ್ದವರೊಬ್ಬರು ಆರಂಭಿಸಿದ್ದರು. ಸಹಿ ಹಾಕಿದವರಲ್ಲಿ ಬಹುಪಾಲು ಉಳಿಯಬೇಕೆಂದು ಮತ ಹಾಕಿ ಸೋತವರೇ ಎಂದು ನನ್ನ ಅನಿಸಿಕೆ.